ಗ್ರಾಹಕರು ಹಾಕಿದ ಫೋಟೋ ನಮ್ಮ ಪೇಜಲ್ಲಿ ಹಾಕಬಹುದಾ? ಹಾಕಬಹುದು, ಕೇಳಿ ಹಾಕಿ

ಪ್ರಶ್ನೆ: ನಾವು ಬೆನ್ನಿಗೆ ಹಾಕುವ ಬ್ಯಾಗ್ ಮಾಡುವ ಸಣ್ಣ ಬ್ರ್ಯಾಂಡ್. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರಲ್ಲೂ ಇದ್ದೇವೆ. ಕೊಂಡವರು ನಮ್ಮ ಬ್ಯಾಗ್ ಜೊತೆ ಫೋಟೋ, ರೀಲ್ಸ್ ಹಾಕಿ ನಮ್ಮನ್ನು ಟ್ಯಾಗ್ ಮಾಡುತ್ತಾರೆ. ನಾವು ದುಡ್ಡು ಕೊಟ್ಟು ತೆಗೆಸಿದ ಫೋಟೋಗಳಿಗಿಂತ ಅವೇ ಚೆನ್ನಾಗಿರುತ್ತವೆ. ಅವನ್ನು ನಮ್ಮ ಪೇಜಲ್ಲಿ ಹಾಕಿಕೊಳ್ಳಬಹುದಾ? ಹೆಸರು ಹಾಕಿ ಟ್ಯಾಗ್ ಮಾಡಿದರೆ ಸಾಕಲ್ವಾ? ವೆಬ್‌ಸೈಟಿಗೆ, ಜಾಹೀರಾತಿಗೆ ಬಳಸಬೇಕಾದರೆ ಏನು ಮಾಡಬೇಕು?

ಉತ್ತರ: ಹಾಕಬಹುದು, ಆದರೆ ಕೇಳಿ ಹಾಕಬೇಕು. ಹೆಸರು ಹಾಕಿ ಟ್ಯಾಗ್ ಮಾಡಿದರೆ ಸಾಲದು. ಚಿಕ್ಕ ಉತ್ತರ ಇಷ್ಟೇ. ಯಾರನ್ನು ಕೇಳಬೇಕು, ಏನಂತ ಕೇಳಬೇಕು, ಅವರು ಹೂಂ ಅಂದ ಮೇಲೆ ಎಷ್ಟರ ಮಟ್ಟಿಗೆ ಬಳಸಬಹುದು ಅನ್ನುವುದರಲ್ಲೇ ತುಂಬ ಜನ ಎಡವುತ್ತಾರೆ.

ಬ್ರ್ಯಾಂಡ್‌ಗಳ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವುದು ನನ್ನ ಕೆಲಸ. ಈ ಪ್ರಶ್ನೆ ನನ್ನ ಹತ್ತಿರ ಬರುವುದು ಹೆಚ್ಚಾಗಿ ಫೋಟೋ ಹಾಕಿ, ಯಾರೋ ಬೇಜಾರಾಗಿ, ಕಮೆಂಟಿನಲ್ಲಿ ಗಲಾಟೆ ಶುರುವಾದ ಮೇಲೆ. ನೀವು ಮೊದಲೇ ಕೇಳಿದ್ದೀರಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಫೋಟೋ ಯಾರದ್ದು ಅಂತ ನೋಡೋಣ. ಬ್ಯಾಗ್ ಮಾಡಿದ್ದು ನೀವು. ಅದರ ಮೇಲೆ ನಿಮ್ಮ ಲೋಗೋ ಇದೆ. ದುಡ್ಡು ಕೊಟ್ಟು ಕೊಂಡವರು ನಿಮ್ಮ ಗ್ರಾಹಕರು, ಟ್ಯಾಗ್ ಮಾಡಿದ್ದೂ ಅವರೇ. ಇಷ್ಟೆಲ್ಲ ಇದ್ದರೂ ಫೋಟೋ ನಿಮ್ಮದಲ್ಲ. ಸಾಮಾನ್ಯವಾಗಿ ಅದು ತೆಗೆದವರದ್ದು. ಕ್ಲಿಕ್ ಮಾಡಿದ ಆ ಕ್ಷಣದಲ್ಲೇ ಕಾಪಿರೈಟ್ ಅವರದ್ದಾಗುತ್ತದೆ. ಎಲ್ಲೂ ರಿಜಿಸ್ಟರ್ ಮಾಡಿಸಬೇಕಾಗಿಲ್ಲ, ಮೂಲೆಯಲ್ಲಿ ಹೆಸರು ಬರೆಯಬೇಕಾಗಿಲ್ಲ. 1886ರ ಬರ್ನ್ ಒಪ್ಪಂದ ಅಂತ ಒಂದಿದೆ. 1908ರಲ್ಲಿ ಅದನ್ನು ತಿದ್ದಿದಾಗಿನಿಂದ ಕಾಪಿರೈಟಿಗೆ ನೋಂದಣಿಯ ಶರತ್ತು ಇರಬಾರದು ಅನ್ನುವ ನಿಯಮ ನಡೆದುಬಂದಿದೆ. ಪ್ರಪಂಚದ ಹೆಚ್ಚುಕಡಿಮೆ ಎಲ್ಲ ದೇಶಗಳೂ ಅದಕ್ಕೆ ಸೇರಿವೆ. ಹಾಗಾಗಿ ನಿಮ್ಮ ಗ್ರಾಹಕರು ಯಾವ ಊರಲ್ಲಿ, ಯಾವ ದೇಶದಲ್ಲಿ ಕೂತು ಫೋಟೋ ಹಾಕಿದರೂ ಈ ಮಾತು ಬದಲಾಗುವುದಿಲ್ಲ.

"ಪಬ್ಲಿಕ್ ಆಗಿ ಹಾಕಿದ್ದಾರಲ್ಲ, ಇನ್‌ಸ್ಟಾಗ್ರಾಂ ಟರ್ಮ್ಸ್‌ಗೆ ಒಪ್ಪಿದ್ದಾರಲ್ಲ" ಅಂತ ಕೆಲವರು ಹೇಳುತ್ತಾರೆ. ಒಪ್ಪಿದ್ದಾರೆ ನಿಜ. ಆ ಟರ್ಮ್ಸ್ ಪ್ರಕಾರ ಫೋಟೋ ಅವರದ್ದಾಗಿಯೇ ಉಳಿಯುತ್ತದೆ. ಬಳಸಲು ಅನುಮತಿ ಸಿಗುವುದು ಇನ್‌ಸ್ಟಾಗ್ರಾಂ ನಡೆಸುವ ಕಂಪನಿಗೆ. ನಿಮಗಲ್ಲ. ನನ್ನ ಗಾಡಿಯ ಕೀ ಪಕ್ಕದ ಮನೆಯವರಿಗೆ ಕೊಟ್ಟರೆ ಬೀದಿಯವರೆಲ್ಲ ಓಡಿಸಬಹುದು ಅಂತ ಅರ್ಥವಲ್ಲ ತಾನೆ?

ಇದು ಕೋರ್ಟಿನಲ್ಲೇ ತೀರ್ಮಾನವಾದ ವಿಷಯ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆಯಿತು. ಫೋಟೋಗ್ರಾಫರ್ ಡೇನಿಯಲ್ ಮೊರೆಲ್ ಅಲ್ಲೇ ಇದ್ದರು. ತೆಗೆದ ಫೋಟೋಗಳನ್ನು ಟ್ವಿಟರ್ ಜೊತೆ ಕೆಲಸ ಮಾಡುತ್ತಿದ್ದ ಟ್ವಿಟ್‌ಪಿಕ್‌ಗೆ ಹಾಕಿದರು. ಎಎಫ್‌ಪಿ ಸುದ್ದಿಸಂಸ್ಥೆ ಅವನ್ನು ತೆಗೆದುಕೊಂಡು ಹಂಚಿತು, ಫೋಟೋ ಮಾರುವ ಗೆಟ್ಟಿ ಇಮೇಜಸ್ ಮೂಲಕವೂ ಅವು ಹೋದವು. ಟ್ವಿಟರ್ ಟರ್ಮ್ಸ್ ಪ್ರಕಾರ ನಮಗೆ ಬಳಸಲು ಹಕ್ಕಿದೆ ಅಂತ ಎಎಫ್‌ಪಿ ವಾದ ಮಾಡಿತು. ನ್ಯಾಯಾಲಯ ಒಪ್ಪಲಿಲ್ಲ. 2013ರ ನವೆಂಬರಿನಲ್ಲಿ ಜ್ಯೂರಿ ಮೊರೆಲ್ ಅವರಿಗೆ 12 ಲಕ್ಷ ಡಾಲರ್ ಕೊಡಬೇಕು ಅಂದಿತು. ಅಷ್ಟು ದೊಡ್ಡ ಸುದ್ದಿಸಂಸ್ಥೆಗೇ ಆ ವಾದ ನಡೆಯಲಿಲ್ಲ ಅಂದ ಮೇಲೆ ಬ್ಯಾಗ್ ಮಾರುವ ನಮಗೆ ನಡೆಯುತ್ತದಾ?

ಇನ್ನು ಹೆಸರು ಹಾಕುವ ವಿಷಯ. ಹೆಸರು ಹಾಕುವುದು ಮರ್ಯಾದೆ. ಅನುಮತಿ ಬೇರೆ. ಎರಡೂ ಬೇಕು. "ಕ್ರೆಡಿಟ್ ಮಾಲೀಕರಿಗೆ", "ತೆಗೆಯಬೇಕಿದ್ದರೆ ಮೆಸೇಜ್ ಮಾಡಿ" ಅಂತ ಕೆಳಗೆ ಬರೆದು ಯಾರ್‍ಯಾರದ್ದೋ ಫೋಟೋ ಹಾಕುವ ಪೇಜ್‌ಗಳು ಸಾವಿರಾರು ಇವೆ. ಆ ಎರಡು ಸಾಲಿನಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಬೇರೆಯವರ ಜೋಕ್, ಮೀಮ್ ಹಾಕುತ್ತಲೇ ಬೆಳೆದಿದ್ದ ಜೆರ್‍ರಿ ಮೀಡಿಯಾ ವಿರುದ್ಧ 2019ರ ಫೆಬ್ರವರಿಯಲ್ಲಿ ಹಾಸ್ಯ ಕಲಾವಿದರು ತಿರುಗಿಬಿದ್ದರು. ಅನ್‌ಫಾಲೋ ಮಾಡಿ ಅಂತ ಜನರಿಗೆ ಕರೆ ಕೊಟ್ಟರು. ಇನ್ನು ಮುಂದೆ ಮೊದಲು ಅನುಮತಿ ಕೇಳಿಯೇ ಹಾಕುತ್ತೇವೆ ಅಂತ ಆ ಕಂಪನಿ ಬಹಿರಂಗವಾಗಿ ಹೇಳಬೇಕಾಯಿತು. ಅಲ್ಲಿ ಕೆಲಸ ಮಾಡಿದ್ದು ಕೋರ್ಟಲ್ಲ, ಜನರ ಸಿಟ್ಟು. ಸಣ್ಣ ಬ್ರ್ಯಾಂಡ್‌ಗೆ ನಿಜವಾದ ಭಯ ಇರಬೇಕಾದದ್ದು ಅಲ್ಲೇ. ನಿಮ್ಮನ್ನು ಪ್ರೀತಿಯಿಂದ ಟ್ಯಾಗ್ ಮಾಡಿದವರೇ "ನನ್ನನ್ನು ಒಂದು ಮಾತು ಕೇಳಲಿಲ್ಲ" ಅಂತ ಬರೆದರೆ ಅದನ್ನು ಅಳಿಸಲು ಯಾವ ಜಾಹೀರಾತಿಗೂ ಆಗುವುದಿಲ್ಲ.

ಹಾಗಾದರೆ ಕೇಳದೆ ಏನನ್ನೂ ಹಂಚಿಕೊಳ್ಳುವ ಹಾಗೇ ಇಲ್ಲವಾ? ಇದೆ. ಆಯಾ ಆ್ಯಪ್‌ನಲ್ಲೇ ಇರುವ ಹಂಚಿಕೊಳ್ಳುವ ಬಟನ್ನಿಗೂ, ಡೌನ್‌ಲೋಡ್ ಮಾಡಿ ನಮ್ಮದೇ ಪೋಸ್ಟ್ ಥರ ಮತ್ತೆ ಹಾಕುವುದಕ್ಕೂ ತುಂಬ ವ್ಯತ್ಯಾಸ ಇದೆ. ಯಾರಾದರೂ ಸ್ಟೋರಿಯಲ್ಲಿ ನಿಮ್ಮನ್ನು ಮೆನ್ಷನ್ ಮಾಡಿದರೆ ಅದನ್ನು ನಿಮ್ಮ ಸ್ಟೋರಿಗೆ ಸೇರಿಸಿಕೊಳ್ಳುವ ಆಯ್ಕೆ ನಿಮ್ಮ ಮೆಸೇಜಿನಲ್ಲೇ ಬರುತ್ತದೆ. ಇನ್‌ಸ್ಟಾಗ್ರಾಂ ಇದನ್ನು ತಂದದ್ದು 2018ರಲ್ಲಿ. 2025ರಲ್ಲಿ ಪಬ್ಲಿಕ್ ಪೋಸ್ಟ್‌ಗಳಿಗೆ, ರೀಲ್ಸ್‌ಗೆ ರೀಪೋಸ್ಟ್ ಬಟನ್ ಕೂಡ ಬಂತು. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ರೀಪೋಸ್ಟ್, ಫೇಸ್‌ಬುಕ್‌ನಲ್ಲಿ ಶೇರ್, ಟಿಕ್‌ಟಾಕ್‌ನಲ್ಲಿ ಡ್ಯುಯೆಟ್, ಸ್ಟಿಚ್ ಎಲ್ಲ ಇದೇ ಜಾತಿಯವು. ಇವುಗಳಲ್ಲಿ ಅವರ ಹೆಸರು ತಾನಾಗೇ ಬರುತ್ತದೆ. ಒತ್ತಿದರೆ ನೇರ ಅವರ ಖಾತೆಗೆ ಹೋಗುತ್ತದೆ. ರೀಪೋಸ್ಟ್, ಶೇರ್ ಆದರೆ ಮೂಲ ಪೋಸ್ಟ್ ಅವರು ಅಳಿಸಿದಾಗ ನಮ್ಮ ಹತ್ತಿರ ಹಂಚಿಕೊಂಡದ್ದೂ ತೋರುವುದಿಲ್ಲ. ಹಂಚಿಕೊಳ್ಳುವುದು ಬೇಡ ಅನ್ನಿಸಿದರೆ ಹಲವು ಆ್ಯಪ್‌ಗಳಲ್ಲಿ ಸೆಟ್ಟಿಂಗ್‌ನಲ್ಲಿ ಆಫ್ ಮಾಡಲೂಬಹುದು. ಅಂದರೆ ಕೀಲಿಕೈ ಅವರ ಹತ್ತಿರವೇ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಹಾಕಿದಾಗ ಆ ಕೀಲಿಕೈ ನಾವು ಕಿತ್ತುಕೊಂಡ ಹಾಗೆ.

ದಿನನಿತ್ಯದ ಹಂಚಿಕೆಗೆ ಈ ಬಟನ್‌ಗಳೇ ಸಾಕು. ನನಗೆ ಇವೆಲ್ಲಕ್ಕಿಂತ ಇಷ್ಟ 2021ರಲ್ಲಿ ಇನ್‌ಸ್ಟಾಗ್ರಾಂ ತಂದ ಕೊಲಾಬ್ ಪೋಸ್ಟ್. ಅವರು ಪೋಸ್ಟ್ ಹಾಕುವಾಗ ನಿಮ್ಮನ್ನು ಸೇರಿಸುತ್ತಾರೆ, ನೀವು ಒಪ್ಪಿಕೊಳ್ಳುತ್ತೀರಿ. ಒಂದೇ ಪೋಸ್ಟ್ ಇಬ್ಬರ ಪ್ರೊಫೈಲಿನಲ್ಲೂ ಕಾಣುತ್ತದೆ. ಲೈಕ್, ಕಮೆಂಟ್ ಎಲ್ಲ ಒಂದೇ ಕಡೆ ಸೇರುತ್ತವೆ. ಬ್ರ್ಯಾಂಡ್‌ಗೆ ಒಳ್ಳೆಯ ಫೋಟೋ ಸಿಕ್ಕಿತು, ಫೋಟೋ ಹಾಕಿದವರಿಗೆ ನಿಮ್ಮ ಫಾಲೋವರ್ಸ್ ಕಣ್ಣಿಗೆ ಬೀಳುವ ಅವಕಾಶ ಸಿಕ್ಕಿತು. ಇಬ್ಬರೂ ಗೊತ್ತಿದ್ದೇ ಒಪ್ಪಿದ್ದರಿಂದ ತಕರಾರೂ ಇಲ್ಲ.

ಒಂದು ಎಚ್ಚರಿಕೆ. ಬಟನ್ ಇದೆ ಅಂತ ಎಲ್ಲವನ್ನೂ ಒತ್ತಬೇಡಿ. ಆಪ್ತ ಗೆಳೆಯರಿಗೆ ಅಂತ ಹಾಕಿದ್ದನ್ನು, ನೋವಿನ ವಿಷಯವನ್ನು, ಜಗಳದ ಪೋಸ್ಟನ್ನು ಬ್ರ್ಯಾಂಡ್ ಹಂಚಿಕೊಳ್ಳಬಾರದು. ಹೆಸರುವಾಸಿಯಾದವರ ವಿಷಯದಲ್ಲಂತೂ ಇನ್ನೂ ಹುಷಾರು. 2014ರಲ್ಲಿ ನಟಿ ಕ್ಯಾಥರಿನ್ ಹೈಗಲ್ ನ್ಯೂಯಾರ್ಕಿನ ಡ್ವೇನ್ ರೀಡ್ ಔಷಧಿ ಅಂಗಡಿಯ ಚೀಲ ಹಿಡಿದು ಹೊರಬರುವ ಫೋಟೋವನ್ನು ಆ ಅಂಗಡಿಯವರು ಟ್ವೀಟ್ ಮಾಡಿದರು. ತನ್ನ ಮುಖವನ್ನು ಕೇಳದೆ ಜಾಹೀರಾತಿಗೆ ಬಳಸಿದರು ಅಂತ ಆಕೆ 60 ಲಕ್ಷ ಡಾಲರ್ ಕೇಳಿ ದಾವೆ ಹೂಡಿದರು. ಆಕೆಯ ಫೌಂಡೇಶನ್ನಿಗೆ ದೇಣಿಗೆ ಕೊಡುವ ಮೂಲಕ ಅದು ಅದೇ ವರ್ಷ ರಾಜಿಯಾಯಿತು. ಆಕೆ ನಿಜವಾಗಿಯೂ ಆ ಅಂಗಡಿಗೆ ಹೋಗಿದ್ದರು. ಆದರೂ ಅದು ಜಾಹೀರಾತಿಗೆ ಒಪ್ಪಿದ ಹಾಗಲ್ಲ.

ವೆಬ್‌ಸೈಟಿಗೆ ಎಂಬೆಡ್ ಮಾಡುವುದರಲ್ಲೂ ಇಂಥದ್ದೇ ಗೊಂದಲ ಇದೆ. ಎಂಬೆಡ್ ಅಂದರೆ ಫೋಟೋ ನಕಲು ಮಾಡದೆ ಅವರ ಪೋಸ್ಟನ್ನೇ ನಮ್ಮ ಪುಟದಲ್ಲಿ ಕಿಟಕಿ ಇಟ್ಟು ತೋರಿಸುವುದು. ಮ್ಯಾಶಬಲ್ ಎಂಬ ಜಾಲತಾಣ 2016ರಲ್ಲಿ ಸ್ಟೆಫನಿ ಸಿಂಕ್ಲೇರ್ ಎಂಬ ಫೋಟೋಗ್ರಾಫರಿಗೆ ಒಂದು ಫೋಟೋಗೆ 50 ಡಾಲರ್ ಕೊಡುತ್ತೇವೆ ಅಂದಿತು. ಅವರು ಒಪ್ಪಲಿಲ್ಲ. ಮ್ಯಾಶಬಲ್ ಅವರ ಇನ್‌ಸ್ಟಾಗ್ರಾಂ ಪೋಸ್ಟನ್ನೇ ಎಂಬೆಡ್ ಮಾಡಿಬಿಟ್ಟಿತು. 2020ರ ಏಪ್ರಿಲಿನಲ್ಲಿ ನ್ಯಾಯಾಧೀಶರು ಮ್ಯಾಶಬಲ್ ಪರ ತೀರ್ಪು ಕೊಟ್ಟರು. ಜೂನಿನಲ್ಲಿ ಅದೇ ನ್ಯಾಯಾಧೀಶರು ಆ ತೀರ್ಪನ್ನು ಮರುಪರಿಶೀಲಿಸಿ ಪ್ರಕರಣವನ್ನು ಮತ್ತೆ ತೆರೆದರು. ಎಂಬೆಡ್ ಮಾಡುವವರಿಗೆ ನಮ್ಮ ಟರ್ಮ್ಸ್‌ನಿಂದ ತಾನಾಗೇ ಅನುಮತಿ ಸಿಗುವುದಿಲ್ಲ ಅಂತ ಇನ್‌ಸ್ಟಾಗ್ರಾಂ ಕೂಡ ಅದೇ ತಿಂಗಳು ಹೇಳಿತು. ಬೇರೆ ಬೇರೆ ಕೋರ್ಟುಗಳು ಬೇರೆ ಬೇರೆ ಹೇಳಿರುವ ಇಂಥ ಜಾಗದಲ್ಲಿ ನಾನು ಕೊಡುವ ಸಲಹೆ ಒಂದೇ: ವೆಬ್‌ಸೈಟಿಗೆ ಅಂದರೆ ಕೇಳಿಯೇ ಹಾಕಿ, ಎಂಬೆಡ್ ಆದರೂ ಸರಿ.

ಈಗ ಯಾರನ್ನು ಕೇಳಬೇಕು ಅನ್ನುವುದಕ್ಕೆ ಬರೋಣ. ಇದು ನಾನು ಕಷ್ಟಪಟ್ಟು ಕಲಿತ ಪಾಠ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬ್ರ್ಯಾಂಡ್‌ನ ಪೇಜ್ ನನ್ನ ಕೈಯಲ್ಲಿತ್ತು. ಒಬ್ಬ ಗ್ರಾಹಕಿ ಆ ಬ್ರ್ಯಾಂಡ್‌ನ ಶೂ ಹಾಕಿಕೊಂಡು ಓಟದ ಸ್ಪರ್ಧೆಯಲ್ಲಿ ಓಡುತ್ತಿರುವ ಫೋಟೋ ಹಾಕಿ ಟ್ಯಾಗ್ ಮಾಡಿದ್ದರು. ಬೆವರು, ಅರ್ಧ ಮುಚ್ಚಿದ ಕಣ್ಣು, ನೆಲ ಬಿಟ್ಟ ಎರಡೂ ಪಾದ. ಅದ್ಭುತ ಫೋಟೋ. ನಾನು ಮೆಸೇಜ್ ಮಾಡಿ ಕೇಳಿದೆ. "ಅಯ್ಯೋ ಖಂಡಿತ ಹಾಕಿ" ಅಂದರು. ಪೇಜಿನ ಅಳತೆಗೆ ಕೂರುವ ಹಾಗೆ ಫೋಟೋದ ಕೆಳಭಾಗ ಕ್ರಾಪ್ ಮಾಡಿ ಹಾಕಿದೆ. ಮೂರನೇ ದಿನ ಇನ್ನೊಬ್ಬರಿಂದ ಮೇಲ್ ಬಂತು. ಫೋಟೋ ತೆಗೆದವರು ಅವರು. ಸ್ಪರ್ಧೆಯಲ್ಲಿ ಓಡಿದವರಿಗೆ ಫೋಟೋ ಮಾರುವುದೇ ಅವರ ಜೀವನ. ಕೆಳಗಿನ ಬಲ ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅವರ ಹೆಸರಿತ್ತು. ನಾನು ಕ್ರಾಪ್ ಮಾಡಿ ಬಿಸಾಕಿದ ಪಟ್ಟಿಯಲ್ಲೇ ಆ ಹೆಸರು ಹೋಗಿತ್ತು. ನಾನು ನೋಡಿಯೇ ಇರಲಿಲ್ಲ. "ಹೇಳದೆ ಹಾಕಿದ್ದು ಒಂದು ಕಡೆ. ಹೆಸರು ಕತ್ತರಿಸಿದ್ದು ಯಾಕೆ?" ಅಂತ ಕೇಳಿದ್ದರು. ಅವತ್ತೇ ಪೋಸ್ಟ್ ತೆಗೆದೆವು. ಕ್ಷಮೆ ಕೇಳಿದೆವು. ಅವರು ಹೇಳಿದ ಶುಲ್ಕ ಕೊಟ್ಟೆವು. ಆ ಗ್ರಾಹಕಿಗೂ ಮುಜುಗರ ಆಯಿತು, ಅವರದ್ದೇನೂ ತಪ್ಪಿರಲಿಲ್ಲ. ಆವತ್ತಿನಿಂದ ನನ್ನ ಪ್ರತಿ ಮೆಸೇಜಿನಲ್ಲೂ "ಈ ಫೋಟೋ ತೆಗೆದವರು ನೀವೇನಾ?" ಅನ್ನುವ ಸಾಲು ಇರುತ್ತದೆ.

ಅಂದರೆ ಒಂದು ಫೋಟೋಗೆ ಎರಡು ಒಪ್ಪಿಗೆ ಬೇಕಾಗಬಹುದು. ಒಂದು ತೆಗೆದವರದ್ದು, ಇನ್ನೊಂದು ಅದರಲ್ಲಿ ಕಾಣುವವರದ್ದು. ಉಲ್ಟಾ ಕೂಡ ಆಗುತ್ತದೆ. 2007ರಲ್ಲಿ ವರ್ಜಿನ್ ಮೊಬೈಲ್‌ನ ಆಸ್ಟ್ರೇಲಿಯಾ ಕಂಪನಿ ಫೋಟೋ ಹಂಚುವ ತಾಣ ಫ್ಲಿಕರ್‌ನಲ್ಲಿ ಸಿಕ್ಕ ಒಂದು ಫೋಟೋವನ್ನು ಜಾಹೀರಾತಿಗೆ ಬಳಸಿತು. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅದಕ್ಕಿತ್ತು. ತೆಗೆದವರ ಕಡೆಯಿಂದ ಬಳಕೆಗೆ ದಾರಿ ಇತ್ತು. ಆದರೆ ಫೋಟೋದಲ್ಲಿದ್ದ ಅಮೆರಿಕದ ಶಾಲಾ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ತನ್ನ ಮುಖ ದೂರದ ದೇಶದ ಬಸ್ ನಿಲ್ದಾಣದಲ್ಲಿ, ಪೆನ್ ಫ್ರೆಂಡನ್ನು ಬಿಟ್ಟುಬಿಡಿ ಅನ್ನುವ ಸಾಲಿನ ಜೊತೆ ಇದೆ ಅಂತ ಆ ಮನೆಯವರಿಗೆ ಆಮೇಲೆ ಗೊತ್ತಾಯಿತು. ಆಸ್ಟ್ರೇಲಿಯಾದ ಕಂಪನಿಯ ಮೇಲೆ ತನಗೆ ಅಧಿಕಾರವಿಲ್ಲ ಅಂತ ಅಮೆರಿಕದ ಕೋರ್ಟು ಆ ದಾವೆಯನ್ನು ಕೈಬಿಟ್ಟಿತು. ಆ ಹುಡುಗಿಯ ಜಾಗದಲ್ಲಿ ನಿಮ್ಮ ಮನೆಯ ಮಗುವನ್ನು ಇಟ್ಟು ನೋಡಿ. ಕಾನೂನು ಏನು ಹೇಳಿತು ಅನ್ನುವುದು ಆಮೇಲಿನ ಮಾತು ಆಗುತ್ತದೆ.

ಮಕ್ಕಳ ವಿಷಯಕ್ಕೆ ಬಂದಾಗ ನಾನು ಗಟ್ಟಿ. ತಂದೆ ತಾಯಿ ಬರಹದಲ್ಲಿ ಒಪ್ಪದೆ ಯಾವ ಮಗುವಿನ ಫೋಟೋವನ್ನೂ ಬ್ರ್ಯಾಂಡ್ ಪೇಜಿಗೆ ಹಾಕಬೇಡಿ. ಒಪ್ಪಿದ ಮೇಲೂ ಹಿಂದೆ ಶಾಲೆಯ ಹೆಸರು, ಮನೆ ನಂಬರ್, ಗಾಡಿ ನಂಬರ್ ಕಾಣುತ್ತಿದೆಯಾ ನೋಡಿ. ಅವರ ನೂರು ಜನ ಗೆಳೆಯರು ನೋಡುವಾಗ ಅದು ಏನೂ ಅಲ್ಲ. ನಿಮ್ಮ ಪೇಜಿನ ಐವತ್ತು ಸಾವಿರ ಅಪರಿಚಿತರು ನೋಡುವಾಗ ಅದೇ ಬೇರೆ.

ಇನ್ನು ಕೇಳುವುದು ಹೇಗೆ? "ಹಾಯ್ ಡಿಯರ್! ಸೂಪರ್ ಪಿಕ್! ಫೀಚರ್ ಮಾಡಬಹುದಾ? ಯೆಸ್ ಅಂತ ರಿಪ್ಲೈ ಮಾಡಿ" ಅನ್ನುವ ಕಮೆಂಟ್ ನೀವೂ ನೋಡಿರುತ್ತೀರಿ. ಅದು ಕೇಳಿದ ಹಾಗೂ ಅಲ್ಲ, ಕೇಳದ ಹಾಗೂ ಅಲ್ಲ. ಎಲ್ಲಿ ಹಾಕುತ್ತಾರೆ, ಎಷ್ಟು ದಿನ ಇಡುತ್ತಾರೆ, ಜಾಹೀರಾತಿಗೂ ಬಳಸುತ್ತಾರಾ, ಒಂದೂ ಗೊತ್ತಾಗುವುದಿಲ್ಲ. ನೂರು ಜನಕ್ಕೆ ಅದೇ ಸಾಲನ್ನು ಅಂಟಿಸಿದ್ದಾರೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ನಾನು ಬರೆಯುವುದು ಹೀಗೆ:

"ನಮಸ್ಕಾರ. ನೀವು ಹಾಕಿರುವ ಬ್ಯಾಗ್ ಮಾಡಿದವರು ನಾವು. ಮಳೆಯಲ್ಲಿ ಬಂಡೆ ಮೇಲೆ ಕೂತಿರುವ ನಿಮ್ಮ ಫೋಟೋ ನೋಡಿ ತುಂಬ ಖುಷಿ ಆಯಿತು. ಪಕ್ಕದ ಜೇಬಿನಲ್ಲಿ ಕೊಡೆ ಅಷ್ಟು ಚೆನ್ನಾಗಿ ಕೂರುತ್ತದೆ ಅಂತ ನಮಗೇ ಗೊತ್ತಿರಲಿಲ್ಲ! ಈ ಫೋಟೋವನ್ನು ನಿಮ್ಮ ಹೆಸರಿನ ಜೊತೆ ನಮ್ಮ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಪೇಜಲ್ಲಿ ಹಾಕಬಹುದಾ? ಜಾಹೀರಾತಿಗೆ ಬಳಸುವುದಿಲ್ಲ, ಫೋಟೋ ತಿದ್ದುವುದಿಲ್ಲ. ಫೋಟೋ ತೆಗೆದವರು ನೀವೇನಾ? ಬೇರೆಯವರಾದರೆ ಅವರ ಹೆಸರು ತಿಳಿಸಿ, ಅವರನ್ನೂ ಕೇಳುತ್ತೇವೆ. ಬೇಡ ಅನ್ನಿಸಿದರೆ ಹಾಗೇ ಹೇಳಿ, ಏನೂ ಬೇಜಾರಿಲ್ಲ. ಒಪ್ಪಿದ ಮೇಲೆ ಮನಸ್ಸು ಬದಲಾದರೂ ಒಂದು ಮೆಸೇಜ್ ಹಾಕಿ, ಅವತ್ತೇ ತೆಗೆಯುತ್ತೇವೆ."

ಉದ್ದ ಆಯಿತು ಅನ್ನಿಸಬಹುದು. ಆದರೆ ಇದರಲ್ಲಿ ಬಿಡುವಂಥ ಸಾಲು ನನಗೆ ಒಂದೂ ಕಾಣುವುದಿಲ್ಲ. ಕೊಡೆಯ ಮಾತು ಇದೆಯಲ್ಲ, ಅದು ತುಂಬ ಮುಖ್ಯ. ಯಾರೋ ನಿಜವಾಗಿ ಫೋಟೋ ನೋಡಿ ಬರೆದಿದ್ದಾರೆ ಅಂತ ಆ ಒಂದು ಸಾಲು ಹೇಳುತ್ತದೆ. ಉತ್ತರ ಬರುವುದೇ ಅದಕ್ಕೆ. ಎಷ್ಟೋ ಸಲ ಒಪ್ಪಿಗೆಯ ಜೊತೆ "ಇನ್ನೂ ನಾಲ್ಕು ಫೋಟೋ ಇವೆ, ಬೇಕಾ?" ಅಂತ ಅವರೇ ಕಳಿಸುತ್ತಾರೆ. ಸ್ಕ್ರೀನ್‌ಶಾಟ್‌ಗಿಂತ ಎಷ್ಟೋ ಒಳ್ಳೆಯ ಗುಣಮಟ್ಟದ ಮೂಲ ಫೈಲ್ ಸಿಗುವುದೂ ಹೀಗೆ ಕೇಳಿದಾಗಲೇ.

ಮೆಸೇಜ್ ಕಳಿಸಿದ ಮೇಲೆ ಪೋಸ್ಟಿನ ಕೆಳಗೆ "ನಿಮಗೊಂದು ಮೆಸೇಜ್ ಕಳಿಸಿದ್ದೇವೆ, ದಯವಿಟ್ಟು ನೋಡಿ" ಅಂತ ಕಮೆಂಟ್ ಹಾಕಿ. ಅವರು ನಿಮ್ಮನ್ನು ಫಾಲೋ ಮಾಡದಿದ್ದರೆ ಮೆಸೇಜ್ ರಿಕ್ವೆಸ್ಟ್ ಫೋಲ್ಡರಿಗೆ ಹೋಗಿ ಕೂತಿರುತ್ತದೆ. ಇನ್ನೊಂದು ಕಾರಣವೂ ಇದೆ. ಬ್ರ್ಯಾಂಡ್‌ಗಳ ಹೆಸರಿನಲ್ಲಿ ಮೋಸ ಮಾಡುವ ನಕಲಿ ಖಾತೆಗಳು ಜಾಸ್ತಿ. ನಿಮ್ಮ ಅಸಲಿ ಪೇಜಿನಿಂದ ಎಲ್ಲರಿಗೂ ಕಾಣುವ ಹಾಗೆ ಕಮೆಂಟ್ ಬಂದರೆ ಅವರಿಗೆ ಧೈರ್ಯ. ಮೊದಲ ಮೆಸೇಜಿನಲ್ಲಿ ಲಿಂಕ್ ಕಳಿಸಬೇಡಿ.

ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೆ ಬಿಟ್ಟುಬಿಡಿ. ನಿಮ್ಮ ಕಮೆಂಟಿಗೆ ಅವರು ಲೈಕ್ ಒತ್ತಿದ್ದು, ಹೃದಯದ ಚಿತ್ರ ಹಾಕಿದ್ದು ಒಪ್ಪಿಗೆ ಅಲ್ಲ. ಸುಮ್ನೆ ಇದ್ದದ್ದಂತೂ ಅಲ್ಲವೇ ಅಲ್ಲ.

ಬರಹದಲ್ಲಿ ಹೂಂ ಅಂದ ಮೇಲೆ ಅದನ್ನು ಜೋಪಾನ ಮಾಡಿ. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಂದು ಎಕ್ಸೆಲ್ ಶೀಟ್ ಸಾಕು. ಖಾತೆಯ ಹೆಸರು, ಮೂಲ ಪೋಸ್ಟಿನ ಲಿಂಕ್, ಒಪ್ಪಿದ ತಾರೀಖು, ಎಲ್ಲೆಲ್ಲಿ ಬಳಸಬಹುದು, ಎಲ್ಲಿಯವರೆಗೆ, ಮೆಸೇಜಿನ ಸ್ಕ್ರೀನ್‌ಶಾಟ್ ಎಲ್ಲಿದೆ. ಸ್ಕ್ರೀನ್‌ಶಾಟ್ ಯಾಕೆ ಅಂದರೆ ಮೆಸೇಜನ್ನು ಕಳಿಸಿದವರು ವಾಪಸ್ ತೆಗೆಯಬಹುದು, ಖಾತೆಯನ್ನೇ ಮುಚ್ಚಬಹುದು, ಹೆಸರು ಬದಲಿಸಬಹುದು. ಪೇಜ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋಗಿ, ಎರಡು ವರ್ಷದ ನಂತರ "ಈ ಫೋಟೋಗೆ ಅನುಮತಿ ಇದೆಯಾ?" ಅಂತ ಯಾರಾದರೂ ಕೇಳಿದಾಗ ಆ ಶೀಟ್ ಒಂದೇ ದಿಕ್ಕು.

"ಎಲ್ಲೆಲ್ಲಿ ಬಳಸಬಹುದು" ಅನ್ನುವ ಕಾಲಮ್ಮಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ನಿಮ್ಮ ಮೂರನೇ ಪ್ರಶ್ನೆಯ ಉತ್ತರ ಅದರಲ್ಲೇ ಇದೆ. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತದೆ. ಪೇಜಿನ ಪೋಸ್ಟ್ ಉಳಿಯುತ್ತದೆ, ಆದರೆ ಕೆಳಕ್ಕೆ ಸರಿದುಹೋಗುತ್ತದೆ. ವೆಬ್‌ಸೈಟಿನಲ್ಲಿ ಬ್ಯಾಗ್‌ನ ಬೆಲೆಯ ಪಕ್ಕದಲ್ಲಿ ಹಾಕಿದರೆ ಅದು ಮಾರಾಟದ ಫೋಟೋ ಆಯಿತು. ದುಡ್ಡು ಕೊಟ್ಟು ಓಡಿಸುವ ಜಾಹೀರಾತಿಗೆ ಹಾಕಿದರೆ ಅವರ ಮುಖ ತಿಂಗಳುಗಟ್ಟಲೆ ಗುರುತು ಪರಿಚಯ ಇಲ್ಲದವರ ಫೋನಿನಲ್ಲಿ ಬರುತ್ತಿರುತ್ತದೆ. ಇವೆಲ್ಲ ಒಂದೇ ಅಲ್ಲ. ಸ್ಟೋರಿಗೆ ಹೂಂ ಅಂದವರು ಜಾಹೀರಾತಿಗೂ ಹೂಂ ಅಂದರು ಅಂತ ಲೆಕ್ಕ ಹಾಕಬಾರದು. ಬಳಕೆ ಬದಲಾದಾಗ ಮತ್ತೆ ಕೇಳಿ.

ಜಾಹೀರಾತಿಗಾದರೆ ದುಡ್ಡು ಕೊಡಿ. ಇದು ನನ್ನ ಖಚಿತ ಅಭಿಪ್ರಾಯ. ಅದೇ ಫೋಟೋ ನೀವು ತೆಗೆಸಿದ್ದರೆ ಫೋಟೋಗ್ರಾಫರಿಗೆ, ಮಾಡೆಲ್‌ಗೆ ಕೊಡುತ್ತಿದ್ದಿರಿ ಅಲ್ವಾ? 2019ರ ಜನವರಿಯಲ್ಲಿ ಆ್ಯಪಲ್ ಕಂಪನಿ ಐಫೋನಿನಲ್ಲಿ ತೆಗೆದ ಫೋಟೋ ಕಳಿಸಿ, ಗೆದ್ದವರ ಫೋಟೋ ಹೋರ್ಡಿಂಗ್‌ನಲ್ಲಿ ಹಾಕುತ್ತೇವೆ ಅಂತ ಸ್ಪರ್ಧೆ ಇಟ್ಟಿತು. ಅಷ್ಟು ದೊಡ್ಡ ಕಂಪನಿ ಫೋಟೋಗ್ರಾಫರ್‌ಗಳಿಗೆ ದುಡ್ಡು ಕೊಡುವ ಮಾತೇ ಆಡಿಲ್ಲವಲ್ಲ ಅಂತ ಟೀಕೆ ಬಂತು. ಗೆದ್ದವರಿಗೆ ಲೈಸೆನ್ಸ್ ಶುಲ್ಕ ಕೊಡುತ್ತೇವೆ ಅಂತ ಕಂಪನಿ ಆಮೇಲೆ ಸ್ಪಷ್ಟ ಮಾಡಿತು. ಕ್ಯಾಮೆರಾ ಮಾಡುವ ಗೋಪ್ರೋ 2015ರಲ್ಲೇ ಬಳಕೆದಾರರ ವಿಡಿಯೋಗಳಿಗೆ ಹಣ ಕೊಡುವ ಯೋಜನೆ ಶುರು ಮಾಡಿತ್ತು. ಜನರು ತೆಗೆದ ವಿಡಿಯೋಗಳಿಂದಲೇ ಬೆಳೆದ ಬ್ರ್ಯಾಂಡ್ ಅದು.

ಜಾಹೀರಾತು ಓಡಿಸಲು ಫೈಲ್ ಇಳಿಸಿಕೊಳ್ಳುವ ಬದಲು ಆಯಾ ಆ್ಯಪ್‌ನ ದಾರಿ ಬಳಸಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಪಾರ್ಟ್‌ನರ್‌ಶಿಪ್ ಆ್ಯಡ್ಸ್ ಇದೆ, ಟಿಕ್‌ಟಾಕ್‌ನಲ್ಲಿ ಸ್ಪಾರ್ಕ್ ಆ್ಯಡ್ಸ್ ಇದೆ. ಅವರು ತಮ್ಮ ಖಾತೆಯಿಂದ ಅನುಮತಿ ಕೊಟ್ಟ ಪೋಸ್ಟನ್ನು ಮಾತ್ರ, ಅವರ ಹೆಸರು ಕಾಣುವ ಹಾಗೆಯೇ ನೀವು ಜಾಹೀರಾತಾಗಿ ಓಡಿಸುತ್ತೀರಿ. ಏನು ಒಪ್ಪಿದ್ದಾರೆ ಅನ್ನುವುದಕ್ಕೆ ಆ್ಯಪ್‌ನಲ್ಲೇ ದಾಖಲೆ ಉಳಿಯುತ್ತದೆ.

ರೀಲ್ಸ್ ಅಂದಿರಲ್ಲ, ಅಲ್ಲಿ ಎಡವುವ ಜಾಗ ಇನ್ನೊಂದಿದೆ: ಹಾಡು. ಗ್ರಾಹಕರು ತಮ್ಮ ಸ್ವಂತ ಖಾತೆಯಲ್ಲಿ ಸಿನಿಮಾ ಹಾಡು ಹಾಕಿ ರೀಲ್ಸ್ ಮಾಡಬಹುದು. ಮ್ಯೂಸಿಕ್ ಕಂಪನಿಗಳ ಜೊತೆ ಆ್ಯಪ್‌ನವರು ಮಾಡಿಕೊಂಡ ಒಪ್ಪಂದ ಹಾಗೆ ಖುಷಿಗೆ ಬಳಸುವವರಿಗೆ. ವ್ಯಾಪಾರಕ್ಕೆ ಬಳಸಲು ಅದು ಬರುವುದಿಲ್ಲ. ಬ್ಯಾಂಗ್ ಎಂಬ ಎನರ್ಜಿ ಡ್ರಿಂಕ್ ಮಾಡುವ ಕಂಪನಿಯ ಮೇಲೆ ಯೂನಿವರ್ಸಲ್, ಸೋನಿ ಮ್ಯೂಸಿಕ್ ಎರಡೂ ದಾವೆ ಹಾಕಿದವು. ಟಿಕ್‌ಟಾಕ್‌ನಲ್ಲೇ ಹಾಡು ಸಿಗುತ್ತಿತ್ತು, ಹಾಕಿದೆವು ಅನ್ನುವ ವಾದ ಉಳಿಯಲಿಲ್ಲ. ಕಂಪನಿ ಕಾಪಿರೈಟ್ ಉಲ್ಲಂಘಿಸಿದೆ ಅಂತ 2022ರಲ್ಲಿ ಫ್ಲೋರಿಡಾದ ಕೋರ್ಟು ಎರಡೂ ಪ್ರಕರಣಗಳಲ್ಲಿ ಹೇಳಿತು. ಹಾಗಾಗಿ ಗ್ರಾಹಕರ ರೀಲ್ಸ್ ನಿಮ್ಮ ಪೇಜಿಗೆ ತರುವಾಗ ಹಾಡಿಲ್ಲದ ಮೂಲ ವಿಡಿಯೋ ಕೇಳಿ. ವ್ಯಾಪಾರಕ್ಕೆ ಅಂತಲೇ ಇರುವ ಸಂಗೀತ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾದ ಸೌಂಡ್ ಕಲೆಕ್ಷನ್ನಿನಲ್ಲಿ, ಟಿಕ್‌ಟಾಕ್‌ನ ಕಮರ್ಷಿಯಲ್ ಮ್ಯೂಸಿಕ್ ಲೈಬ್ರರಿಯಲ್ಲಿ ಸಿಗುತ್ತದೆ. ಅದನ್ನು ಹಾಕಿಕೊಳ್ಳಿ. ವಿಡಿಯೋದಲ್ಲಿ ಬ್ಯಾಗಿನ ಜಿಪ್ ಎಳೆಯುವ ಸದ್ದು, ಅವರ ಮಾತು ಇದ್ದರೆ ಹಾಡೇ ಬೇಡ. ಅದೇ ಚೆನ್ನಾಗಿರುತ್ತದೆ.

ಫೋಟೋ ತಿದ್ದುವುದರ ಬಗ್ಗೆ ಒಂದೆರಡು ಮಾತು. ಅಳತೆಗೆ ಕ್ರಾಪ್ ಮಾಡಬೇಕಾದರೂ ಹೇಳಿ ಮಾಡಿ. ಮೇಲೆ ನಿಮ್ಮ ಲೋಗೋ ಒತ್ತಬೇಡಿ. ಚರ್ಮದ ಬಣ್ಣ ಬದಲಿಸುವ ಫಿಲ್ಟರ್ ಬೇಡವೇ ಬೇಡ. ಈಗ ಎಐ ಬಂದಿದೆ, ಬ್ಯಾಗಿನ ಬಣ್ಣ ಬದಲಿಸುವುದು, ಹಿನ್ನೆಲೆ ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ಅವರು ಹೋಗದ ಜಾಗದಲ್ಲಿ ಅವರನ್ನು ನಿಲ್ಲಿಸಿದರೆ ಅದು ಅವರ ಫೋಟೋ ಅಲ್ಲ. ಅವರ ಬಾಯಲ್ಲಿ ಇಲ್ಲದ ಮಾತನ್ನು ಕ್ಯಾಪ್ಷನ್ನಿನಲ್ಲಿ ತುರುಕುವುದೂ ಹಾಗೇ.

ಅವರು ನಿಜವಾಗಿ ಹೇಳಿದ ಮಾತಿನಲ್ಲೂ ನೋಡಿಕೊಳ್ಳಬೇಕಾದದ್ದಿದೆ. "ಎಂಥ ಮಳೆಗೂ ಒಂದು ಹನಿ ಒಳಗೆ ಹೋಗಲ್ಲ" ಅಂತ ಅವರು ಬರೆದರೆ ಅದು ಅವರ ಅನುಭವ. ನೀವು ಅದನ್ನೇ ನಿಮ್ಮ ಪೇಜಲ್ಲಿ ಹಾಕಿದರೆ ಅದು ನಿಮ್ಮ ಭರವಸೆ. ಸಾಬೀತು ಮಾಡಲು ಆಗದಿದ್ದರೆ ಹಾಕಬೇಡಿ. ಹಾಗೇ, ಬ್ಯಾಗನ್ನು ನೀವು ಉಚಿತವಾಗಿ ಕೊಟ್ಟಿದ್ದರೆ ಅದನ್ನು ಮುಚ್ಚಿಡಬಾರದು. ಅಮೆರಿಕದ ಎಫ್‌ಟಿಸಿ, ಬ್ರಿಟನ್ನಿನ ಎಎಸ್‌ಎ, 2021ರಿಂದ ಭಾರತದ ಎಎಸ್‌ಸಿಐ ಹೀಗೆ ಜಾಹೀರಾತಿನ ಮೇಲೆ ಕಣ್ಣಿಡುವ ಸಂಸ್ಥೆಗಳೆಲ್ಲ ಈ ಸಂಬಂಧವನ್ನು ಸ್ಪಷ್ಟವಾಗಿ ಹೇಳಬೇಕು ಅನ್ನುತ್ತವೆ. ದುಡ್ಡು ಕೊಟ್ಟು ಕೊಂಡವರು ಹೊಗಳಿದ್ದಕ್ಕೂ ಗಿಫ್ಟ್ ಪಡೆದವರು ಹೊಗಳಿದ್ದಕ್ಕೂ ಇರುವ ವ್ಯತ್ಯಾಸ ಓದುವವರಿಗೆ ಗೊತ್ತಾಗಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪೇಜ್ ಬೆಳೆದ ಹಾಗೆ ನಿಮ್ಮ ಹ್ಯಾಶ್‌ಟ್ಯಾಗ್ ಹಾಕಿದ ಫೋಟೋಗಳನ್ನೆಲ್ಲ ತಾನಾಗೇ ವೆಬ್‌ಸೈಟಿಗೆ ಎಳೆದು ಹಾಕುವ ಟೂಲ್ ಮಾರುವವರು ಬರುತ್ತಾರೆ. ಮನುಷ್ಯರ ಕಣ್ಣು ಹಾಯದೆ ಒಂದು ಫೋಟೋವೂ ಹೊರಗೆ ಹೋಗಬಾರದು. 2014ರ ನವೆಂಬರಿನಲ್ಲಿ ಅಮೆರಿಕದ ಫುಟ್‌ಬಾಲ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಟ್ವಿಟರ್‌ನಲ್ಲಿ 10 ಲಕ್ಷ ಫಾಲೋವರ್ಸ್ ಆದ ಖುಷಿಗೆ ಅಭಿಮಾನಿಗಳ ಖಾತೆಯ ಹೆಸರಿರುವ ಜೆರ್ಸಿಯ ಚಿತ್ರ ತಾನಾಗೇ ತಯಾರಾಗುವ ಹಾಗೆ ಮಾಡಿತ್ತು. ಒಬ್ಬರ ಖಾತೆಯ ಹೆಸರೇ ಜನಾಂಗೀಯ ಬೈಗುಳ. ಅದೂ ಜೆರ್ಸಿಯ ಮೇಲೆ ಬಂತು. ತಂಡ ಕ್ಷಮೆ ಕೇಳಿತು. 2017ರಲ್ಲಿ ಬ್ರಿಟನ್ನಿನ ಚಿಪ್ಸ್ ಮಾಡುವ ವಾಕರ್ಸ್ ಕಂಪನಿ ಸೆಲ್ಫಿ ಕಳಿಸಿ, ವಿಡಿಯೋದಲ್ಲಿ ತೋರಿಸುತ್ತೇವೆ ಅಂದಾಗ ಕೆಲವರು ಕುಖ್ಯಾತ ಅಪರಾಧಿಗಳ ಫೋಟೋ ಕಳಿಸಿದರು. ಅವೂ ವಿಡಿಯೋದಲ್ಲಿ ಬಂದುಬಿಟ್ಟವು. ಹ್ಯಾಶ್‌ಟ್ಯಾಗ್ ಹಾಕಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗಾಯಿತು ಅನ್ನುವ ಟೂಲ್‌ಗಳನ್ನೂ ನಾನು ನಂಬುವುದಿಲ್ಲ. ಜನ ಹ್ಯಾಶ್‌ಟ್ಯಾಗ್ ಹಾಕುವುದು ಬೇರೆಯವರ ಕಣ್ಣಿಗೆ ಬೀಳಲಿ ಅಂತ. ನಿಮ್ಮ ನಿಯಮಗಳನ್ನು ಓದಿ ಸಹಿ ಹಾಕಿದ್ದಲ್ಲ.

ಕೊನೆಗೆ, ಈಗಾಗಲೇ ಕೇಳದೆ ಹಾಕಿರುವ ಫೋಟೋಗಳು ನಿಮ್ಮ ಪೇಜಲ್ಲಿ ಇರಬಹುದು. ತುಂಬ ಪೇಜ್‌ಗಳಲ್ಲಿ ಇರುತ್ತವೆ. ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ಪಟ್ಟಿ ಮಾಡಿ. ಒಬ್ಬೊಬ್ಬರಿಗೂ ಮೆಸೇಜ್ ಮಾಡಿ: "ನಿಮ್ಮ ಫೋಟೋ ಕೇಳದೆ ಹಾಕಿಬಿಟ್ಟಿದ್ದೆವು, ತಪ್ಪಾಯಿತು. ಇಟ್ಟುಕೊಳ್ಳಬಹುದಾ, ತೆಗೆಯಲಾ?" ಹೆಚ್ಚಿನವರು ಇಟ್ಟುಕೊಳ್ಳಿ ಅನ್ನುತ್ತಾರೆ. ತೆಗೆಯಿರಿ ಅಂದರೆ ಅವತ್ತೇ ತೆಗೆಯಿರಿ. ವಾರದೊಳಗೆ ಉತ್ತರ ಬಾರದ ಪೋಸ್ಟ್‌ಗಳನ್ನು ಇನ್‌ಸ್ಟಾಗ್ರಾಂನಲ್ಲಿ ಆರ್ಕೈವ್ ಮಾಡಿ. ಡಿಲೀಟ್ ಬೇಡ. ಮುಂದೆ ಯಾವತ್ತಾದರೂ ಅವರು ಹೂಂ ಅಂದರೆ ಲೈಕ್, ಕಮೆಂಟ್ ಸಮೇತ ಪೋಸ್ಟನ್ನು ಹಾಗೇ ವಾಪಸ್ ತರಬಹುದು.